ಕಾರಿನ ಎಂಜಿನ್ ಹಾರಿದರೆ, ಆಯಿಲ್ ಯಾವುದು?

ಜಿಪ್ಸಿಯ 1.3 ಲೀಟರ್ ಸುಜುಕಿ ಎಂಜಿನ್‌ಗೆ ಪ್ರೊಪೆಲ್ಲರ್ ಜೋಡಿಸಿ, ಮನೆಯಲ್ಲೇ ಕಟ್ಟಿದ ವಿಮಾನ ಹಾರಿಸುವವರು ಹೊರದೇಶಗಳಲ್ಲಿದ್ದಾರೆ. ನಾಗರಹೊಳೆ ಕಡೆ ನಾವು ನೋಡಿರೋ ಅದೇ ಜಿಪ್ಸಿ! ಇದು ಗೊತ್ತಾದ ದಿನ ಕ್ಯಾಂಟೀನ್‌ನಲ್ಲಿ ನಮ್ಮ ನಾಲ್ವರಿಗೂ ಜಗಳ: ಅದಕ್ಕೆ ಯಾವ ಆಯಿಲ್ ಹಾಕಬೇಕು?

ಹುಣಸೂರಿನವನು ಬೈಕ್ ಆಯಿಲ್ ಅಂದ. ಪಿರಿಯಾಪಟ್ಟಣದವನು ಟ್ರ್ಯಾಕ್ಟರಿನ 15ಡಬ್ಲ್ಯು-40 ಅಂದ. ಎಚ್.ಡಿ. ಕೋಟೆಯವನು, "ವಿಮಾನಕ್ಕೆ ವಿಮಾನದ ಆಯಿಲೇ ಕಣ್ರೋ" ಅಂದ. ಎಲ್ಲರೂ ಅದನ್ನೇ ಒಪ್ಪಿಬಿಟ್ವಿ. ಕೆ.ಆರ್. ನಗರದವಳು ಮಾತ್ರ, "ಗದ್ದೇಲಿ ಟಿಲ್ಲರ್ ಗಂಟೆಗಟ್ಟಲೆ ಒಂದೇ ಸಮ ದುಡಿಯುತ್ತೆ. ಮೊದಲು ಎಂಜಿನ್ ಏನು ಕೆಲಸ ಮಾಡುತ್ತೆ ನೋಡಿ" ಅಂದಳು. ಸರಿಯಾದ ಪ್ರಶ್ನೆ ಅವಳದೇ.

ವಿಮಾನದ ಆಯಿಲ್ ತಯಾರಾಗೋದು ಲೈಕಮಿಂಗ್, ಕಾಂಟಿನೆಂಟಲ್‌ನಂಥ ಗಾಳಿಯಿಂದ ತಣಿಯುವ ದೊಡ್ಡ ಎಂಜಿನ್‌ಗಳಿಗೆ. ಅವು ಸ್ವಲ್ಪ ಆಯಿಲ್ ಸುಡುತ್ತವೆ. ಆಯಿಲ್‌ನಲ್ಲಿ ಲೋಹದ ಡಿಟರ್ಜೆಂಟ್ ಇದ್ದರೆ ಅದರ ಬೂದಿ ಸಿಲಿಂಡರಿನೊಳಗೆ ಕೂತು, ಕೆಂಡವಾಗಿ, ಪೆಟ್ರೋಲನ್ನು ಹೊತ್ತಿಗೆ ಮೊದಲೇ ಹೊತ್ತಿಸಬಹುದು. ಅದಕ್ಕೇ ಬೂದಿ ಬಿಡದ ಆಯಿಲ್. ಕಾರಿನ ಎಂಜಿನ್ ಹಾಗಲ್ಲ. ನೀರಿನಿಂದ ತಣಿಯುತ್ತೆ, ಭಾಗಗಳ ನಡುವಿನ ಸಂದು ಕಿರಿದು. ಅದಕ್ಕೆ ಡಿಟರ್ಜೆಂಟೂ ಬೇಕು, ಕ್ಯಾಮ್ ಸವೆಯದಂತೆ ಕಾಯೋ ಸತುವಿನ ಸಂಯುಕ್ತವೂ ಬೇಕು. ಇನ್ನೊಂದು ಮೋಸ: ಡಬ್ಬದ ಮೇಲಿನ ಏವಿಯೇಷನ್ '100' ಅಂದ್ರೆ ಎಸ್‌ಎಇ 50.

ಹಾಗಾದ್ರೆ ಬೈಕ್ ಆಯಿಲ್? ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ ಸಾಮಾನ್ಯವಾಗಿ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ-3ರ ರೋಟಾಕ್ಸ್ 914 ಕೂಡ ಹೀಗೇ. ಅದರ ಗೇರ್‌ಬಾಕ್ಸ್ 5800 ಆರ್‌ಪಿಎಂ ಅನ್ನು 2.43ರಿಂದ ಭಾಗಿಸಿ ಪ್ರೊಪೆಲ್ಲರಿಗೆ ಸುಮಾರು 2387 ಕೊಡುತ್ತೆ. ಎಂಜಿನ್‌ಗೂ ಗೇರಿಗೂ ಒಂದೇ ಆಯಿಲ್. ಅಲ್ಲಿ ಹುಣಸೂರಿನವನು ಗೆದ್ದ. ಆದರೆ ಜಿಪ್ಸಿ ಎಂಜಿನ್‌ಗೆ ಬೆಲ್ಟ್ ರಿಡಕ್ಷನ್ ಹಾಕಿದರೆ ಆಯಿಲ್ ಗೇರನ್ನೇ ಮುಟ್ಟಲ್ಲ. ಒಳ್ಳೆ ಕಾರ್ ಆಯಿಲ್ ಸಾಕು.

ಇನ್ನು ಲೋಡು. ಹುಣಸೂರು ರಸ್ತೆಯಲ್ಲಿ ಕಾರು ತನ್ನ ಶಕ್ತಿಯ ಸಣ್ಣ ಪಾಲಷ್ಟೇ ಬಳಸುತ್ತೆ. ವಿಮಾನ ಮೇಲೇರುವಾಗ ಹೆಚ್ಚುಕಮ್ಮಿ ಪೂರ್ತಿ, ಆಮೇಲೂ ಮುಕ್ಕಾಲು ಪಾಲು. ಆಯಿಲ್ ಕಾದು ತೆಳ್ಳಗಾದರೆ ಪ್ರೆಶರ್ ಇಳಿಯುತ್ತೆ. ನಮ್ಮೂರಲ್ಲಿ ಚಳಿ ಸೊನ್ನೆಗಿಳಿಯಲ್ಲ, ಹಾಗಾಗಿ 0ಡಬ್ಲ್ಯು, 5ಡಬ್ಲ್ಯು ಹಿಂದೆ ಬೀಳಬೇಕಿಲ್ಲ. ಎಂಜಿನ್ ಕೈಪಿಡಿ ಒಪ್ಪುವ ಗ್ರೇಡುಗಳಲ್ಲಿ, ಬಿಸಿಯಲ್ಲೂ ದಪ್ಪ ಉಳಿಸಿಕೊಳ್ಳೋದನ್ನು ಆರಿಸಿ, ನೆಲದ ಮೇಲೇ ಪೂರ್ತಿ ಲೋಡಿನಲ್ಲಿ ಓಡಿಸಿ ಪ್ರೆಶರ್ ನೋಡಬೇಕು.

ಕೊನೆಗೆ ಇಂಧನ. ವಿಮಾನದ 100ಎಲ್‌ಎಲ್ ಪೆಟ್ರೋಲಿನಲ್ಲಿ ಲೀಟರಿಗೆ 0.56 ಗ್ರಾಂವರೆಗೂ ಸೀಸ ಇರಬಹುದು. ಅದು ಆಯಿಲ್‌ಗಿಳಿದು ಕೆಸರಾಗುತ್ತೆ. ಪೂರ್ತಿ ಸಿಂಥೆಟಿಕ್ ಆಯಿಲ್ ಈ ಸೀಸವನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳಲ್ಲ. ಅಂಥ ಇಂಧನಕ್ಕೆ ಅರೆ-ಸಿಂಥೆಟಿಕ್ ವಾಸಿ, ಬದಲಿಸೋದೂ ಬೇಗ ಬೇಗ. ಬದಲಿಸಿದಾಗಲೆಲ್ಲ ಫಿಲ್ಟರ್ ಕತ್ತರಿಸಿ ಲೋಹದ ಚೂರಿದೆಯಾ ನೋಡಲೇಬೇಕು.

ಅಂದ್ರೆ ಮೊದಲು ಗೇರು, ಆಮೇಲೆ ಲೋಡು, ಆಮೇಲೆ ಇಂಧನ. ಡಬ್ಬದ ಮೇಲಿನ ಚಿತ್ರ ಕಟ್ಟಕಡೆಗೆ. ಕಾರಿನ ಆಯಿಲ್ ದೀಪ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಬಹುದು. ಕಬಿನಿ ಹಿನ್ನೀರಿನ ಮೇಲೆ ಹತ್ತಿದರೆ ನಿಲ್ಲಿಸೋಕೆ ಪಕ್ಕವೇ ಇರಲ್ಲ.