ಗಾಜಿನ ಕುಲುಮೆಯ ಹೊಗೆ

1957ನೆಯ ಇಸವಿ ಸೆಪ್ಟೆಂಬರ್ 29ರಂದು ಸೋವಿಯತ್ ಒಕ್ಕೂಟದ ಮಯಾಕ್ ಪರಮಾಣು ಸ್ಥಾವರದಲ್ಲಿ ತೊಟ್ಟಿಯೊಂದು ಸಿಡಿಯಿತು. ಅದರಲ್ಲಿದ್ದುದು ವಿಕಿರಣಶೀಲ ತ್ಯಾಜ್ಯದ್ರವ. ತಂಪುಗೊಳಿಸುವ ವ್ಯವಸ್ಥೆ ಕೆಟ್ಟಿದ್ದರಿಂದ ದ್ರವವು ತನ್ನ ಕಾವಿನಿಂದಲೇ ಬತ್ತಿಹೋಗಿ, ಉಳಿದ ಲವಣಗಳು ಸ್ಫೋಟಿಸಿದ್ದವು. ಸುತ್ತಲಿನ ಅನೇಕ ಹಳ್ಳಿಗಳ ಜನರು ಮನೆಮಾರುಗಳನ್ನು ತೊರೆಯಬೇಕಾಯಿತು.

ಈ ಬಗೆಯ ದ್ರವವು ಹುಟ್ಟುವುದು ಹೇಗೆ? ಪರಮಾಣು ಸ್ಥಾವರದಲ್ಲಿ ಉರಿದು ಮುಗಿದ ಯುರೇನಿಯಂ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಮತ್ತೆ ಉಪಯೋಗಕ್ಕೆ ಬರುವ ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ಬೇರ್ಪಡಿಸುತ್ತಾರೆ. ಉಳಿಯುವ ಆಮ್ಲದಲ್ಲಿ ಸೀಸಿಯಂ-137, ಸ್ಟ್ರಾಂಷಿಯಂ-90 ಮೊದಲಾದವು ಇರುತ್ತವೆ. ಇವೆರಡೂ ಅರ್ಧಕ್ಕೆ ಇಳಿಯಲು ಸುಮಾರು 30 ವರ್ಷ ಬೇಕು. ಸಾವಿರದಲ್ಲೊಂದು ಪಾಲಾಗಲು ಸುಮಾರು 300 ವರ್ಷ. ಅಷ್ಟು ಕಾಲ ಆಮ್ಲವನ್ನು ಸೋರದಂತೆ ಹಿಡಿದಿಡುವ ತೊಟ್ಟಿಯನ್ನು ನಂಬಿ ಕುಳಿತುಕೊಳ್ಳುವುದು ಜಾಣತನವಲ್ಲ. ಆದುದರಿಂದ ವಿಜ್ಞಾನಿಗಳು ಈ ದ್ರವವನ್ನು ಒಣಗಿಸಿ, ಬೋರಾನ್ ಬೆರೆತ ಗಾಜಿನೊಡನೆ ಸುಮಾರು ಸಾವಿರ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿಸಿ, ಉಕ್ಕಿನ ಪಾತ್ರೆಗಳಲ್ಲಿ ಎರಕಹೊಯ್ಯುವ ವಿಧಾನವನ್ನು ಕಂಡುಕೊಂಡರು. ನಿಮ್ಮ ಪ್ರಯೋಗಶಾಲೆಯ ಬೀಕರು ಕೂಡ ಇದೇ ಜಾತಿಯ ಗಾಜು. ಫ್ರಾನ್ಸಿನ ಮಾರ್ಕೂಲ್‌ನಲ್ಲಿ 1978ರಲ್ಲಿ ಇದು ಕೈಗಾರಿಕಾ ಪ್ರಮಾಣದಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿಯೂ ತಾರಾಪುರ, ಟ್ರಾಂಬೆ ಮತ್ತು ಕಲ್ಪಾಕ್ಕಂಗಳಲ್ಲಿ ಇಂತಹ ಸ್ಥಾವರಗಳನ್ನು ಕಟ್ಟಲಾಗಿದೆ.

ಗಾಜಿನಲ್ಲಿ ಸೇರಿದುದು ಸೆರೆಯಾದಂತೆಯೇ. ಆದರೆ ಎಲ್ಲವೂ ಗಾಜಿನಲ್ಲಿ ಸೇರುವುದಿಲ್ಲ, ತೊಡಕಿರುವುದು ಇಲ್ಲಿಯೇ. ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲು ಕುದಿಯುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಮೇಲೇಳುವ ಹಬೆಯೊಡನೆ ರಸದ ಸಣ್ಣ ಹನಿಗಳೂ ಹಾರುತ್ತವೆ. ಹಾಗೆಯೇ ಕುಲುಮೆಯಿಂದ ನೀರಿನ ಆವಿ, ನೈಟ್ರಿಕ್ ಆಮ್ಲ ಒಡೆದು ಹುಟ್ಟಿದ ಕೆಂಗಂದು ಬಣ್ಣದ ನೈಟ್ರೋಜನ್ ಆಕ್ಸೈಡುಗಳು, ನುಣುಪಾದ ಧೂಳು ಮತ್ತು ಕಾವಿಗೆ ಆವಿಯಾದ ಸೀಸಿಯಂ ಹೊರಡುತ್ತವೆ.

ಇವೆಲ್ಲಕ್ಕಿಂತ ಕಿರುಕುಳ ಕೊಡುವುದು ರುಥೇನಿಯಂ. ಲೋಹರೂಪದಲ್ಲಿ ಅದು ಬಲು ಗಟ್ಟಿಗ. 2300 ಡಿಗ್ರಿಗೂ ಮಿಕ್ಕಿದ ಕಾವಿಲ್ಲದೆ ಕರಗದು. ಆದರೆ ನೈಟ್ರಿಕ್ ಆಮ್ಲದ ನಡುವೆ ಬಿಸಿಯಾದಾಗ ಆಕ್ಸಿಜನ್ನಿನ ನಾಲ್ಕು ಪರಮಾಣುಗಳೊಡನೆ ಕೂಡಿಕೊಂಡು, ಕರ್ಪೂರದಂತೆ ಸುಲಭವಾಗಿ ಆವಿಯಾಗಿಬಿಡುತ್ತದೆ. ಆವಿಗೆ ಧೂಳಿನ ಶೋಧಕ ಅಡ್ಡಿಯಲ್ಲ. ಮುಂದೆ ಕೊಳವೆಯ ಗೋಡೆ ಸೋಕಿದಲ್ಲಿ ಅದು ಮರಳಿ ಕಪ್ಪು ಘನವಾಗಿ, ಅಡುಗೆಮನೆಯ ತೊಲೆಗೆ ಹತ್ತಿದ ಮಸಿಯಂತೆ ಅಂಟಿಕೊಳ್ಳುತ್ತದೆ. ಆ ಕೊಳವೆಯ ಬಳಿ ಯಾರೂ ಸುಳಿಯುವಂತಿಲ್ಲ.

ಇದಕ್ಕೆ ಫ್ರೆಂಚ್ ತಂತ್ರಜ್ಞರು ಹೂಡಿದ ಉಪಾಯವು ನಗು ಬರಿಸುವಷ್ಟು ಸರಳವಾದುದು: ಒಣಗಿಸುವ ಮೊದಲೇ ದ್ರವಕ್ಕೆ ಸಕ್ಕರೆ ಬೆರೆಸುವುದು! ಕಾಫಿಗೆ ಹಾಕುವ ಸಕ್ಕರೆಯೇ. ಸಕ್ಕರೆಯು ನೈಟ್ರೇಟುಗಳ ಆಕ್ಸಿಜನ್ನನ್ನು ತಾನು ಸೆಳೆದುಕೊಳ್ಳುವುದರಿಂದ ರುಥೇನಿಯಂಗೆ ಹಾರಲು ಬೇಕಾದ ರೆಕ್ಕೆ ಸಿಗುವುದಿಲ್ಲ.

ಇಷ್ಟೆಲ್ಲ ಎಚ್ಚರಿಕೆ ಅಗತ್ಯವೇ ಎಂದು ಕೇಳುವವರಿಗೆ 2017ರ ಘಟನೆಯು ಉತ್ತರ ಹೇಳುತ್ತದೆ. ಆ ವರ್ಷದ ಸೆಪ್ಟೆಂಬರ್ ಕೊನೆಯಿಂದ ಯೂರೋಪಿನ ಹಲವು ದೇಶಗಳ ಗಾಳಿಯಲ್ಲಿ ರುಥೇನಿಯಂ-106 ಕಾಣಿಸಿಕೊಂಡಿತು. ಪ್ರಮಾಣವು ಅಲ್ಲಿನ ಜನರಿಗೆ ಅಪಾಯ ತರುವಷ್ಟಿರಲಿಲ್ಲ. ಪರಮಾಣು ಸ್ಥಾವರವೇ ಒಡೆದಿದ್ದರೆ ಜೊತೆಗೆ ಬೇರೆ ಧಾತುಗಳೂ ಹೇರಳವಾಗಿ ಇರಬೇಕಾಗಿತ್ತು. ಹಾಗಿರಲಿಲ್ಲವಾದುದರಿಂದ, ಉರಿದ ಇಂಧನವನ್ನು ಸಂಸ್ಕರಿಸುವೆಡೆಯಿಂದ ಅದು ಹೊರಬಂದಿರಬೇಕೆಂದು ವಿಜ್ಞಾನಿಗಳು ತರ್ಕಿಸಿದರು. ಗಾಳಿಯ ಜಾಡು ಹಿಡಿದು ಹೊರಟವರು ದಕ್ಷಿಣ ಯುರಾಲ್ ಪ್ರದೇಶದತ್ತ ಬೆರಳು ತೋರಿದರು; ರಷ್ಯಾ ಅದನ್ನು ಒಪ್ಪಲಿಲ್ಲ.

ಕುಲುಮೆಯಿಂದ ಹೊರಟ ಅನಿಲವನ್ನು ಮೊದಲು ತೊಳೆಯುತ್ತಾರೆ. ದ್ರವದ ತುಂತುರು ಧೂಳನ್ನು ಹಿಡಿದುಕೊಳ್ಳುತ್ತದೆ. ಆ ಕೊಳೆದ್ರವವನ್ನು ಚೆಲ್ಲದೆ ಮತ್ತೆ ಕುಲುಮೆಯ ಕಡೆಗೇ ತಿರುಗಿಸುವುದುಂಟು. ಬಳಿಕ ಅನಿಲವನ್ನು ತಣಿಸಿ ಆವಿಯನ್ನು ನೀರಾಗಿಸುತ್ತಾರೆ. ನೈಟ್ರೋಜನ್ ಆಕ್ಸೈಡುಗಳನ್ನು ನೀರಿನಲ್ಲಿ ಹೀರಿಸಿ ಮರಳಿ ಆಮ್ಲವಾಗಿಸುತ್ತಾರೆ. ಕೊನೆಯ ಕಾವಲು ಗಾಜಿನ ಎಳೆಗಳಿಂದ ಮಾಡಿದ ಕಾಗದದಂತಹ ಶೋಧಕದ್ದು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದಾದ ಕಣಗಳು ಹತ್ತು ಸಾವಿರ ಬಂದರೂ ಅದು ಮೂರಕ್ಕಿಂತ ಹೆಚ್ಚನ್ನು ಬಿಡುವುದಿಲ್ಲ. ಆದರೆ ತೇವ ತಗಲಿದರೆ ಕೆಡುತ್ತದೆ. ಆದುದರಿಂದ ಅನಿಲವನ್ನು ಹನಿಯಿಲ್ಲದಂತೆ ಮಾಡಿ, ತುಸು ಬಿಸಿಮಾಡಿಯೇ ಅದರೊಳಕ್ಕೆ ಕಳುಹಿಸಬೇಕು.

ಸ್ಥಾವರದ ಒಳಕೋಣೆಗಳ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಸದಾ ಕಡಿಮೆ ಇಟ್ಟಿರುತ್ತಾರೆ. ಎಲ್ಲಿಯಾದರೂ ಬಿರುಕು ಬಿಟ್ಟರೂ ಹೊರಗಿನ ಗಾಳಿ ಒಳನುಗ್ಗುವುದೇ ಹೊರತು ಒಳಗಿನದು ಹೊರಗೆ ಬಾರದು. ಬೀಸಣಿಗೆ ಯಂತ್ರಗಳು ನಿಂತರೆ ಈ ಏರ್ಪಾಡೆಲ್ಲ ವ್ಯರ್ಥವಾದೀತೆಂದು ಬದಲಿ ಯಂತ್ರಗಳನ್ನೂ ಸಿದ್ಧವಾಗಿಟ್ಟಿರುತ್ತಾರೆ. ಕಟ್ಟಕಡೆಗೆ ಎತ್ತರದ ಚಿಮಣಿಯಿಂದ ಹೊರಹೋಗುವ ಗಾಳಿಯನ್ನೂ ಮಾಪಕಗಳು ಎಡೆಬಿಡದೆ ಪರೀಕ್ಷಿಸುತ್ತಿರುತ್ತವೆ. ಹೊರಹೋಗುವುದು ಪೂರ್ಣ ಶೂನ್ಯವಲ್ಲ. ಅದು ಮೀರಬಾರದ ಮಿತಿಯನ್ನು ನಮ್ಮ ದೇಶದಲ್ಲಿ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಗೊತ್ತುಪಡಿಸುತ್ತದೆ.

ಧೂಳು ತುಂಬಿದ ಶೋಧಕವನ್ನು ಮಾತ್ರ ಕೊಡವಿ ಮತ್ತೆ ಬಳಸುವಂತಿಲ್ಲ. ಅದೂ ಈಗ ವಿಕಿರಣಶೀಲ ತ್ಯಾಜ್ಯವೇ. ಅದನ್ನು ಬರಿಗೈ ಸೋಕದಂತೆ ಕಳಚಿ, ಭದ್ರವಾಗಿ ಮುಚ್ಚಿ, ತ್ಯಾಜ್ಯಗಳ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಾರೆ.