ತೈಲದ ನಾಡಿನಲ್ಲಿ ಅಂಗಡಿ ಇಡುವ ಮುನ್ನ



2008ರ ಮೇ 24ರಂದು ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ಅಂದಿನಿಂದ ಯಲಹಂಕದ ಸುತ್ತಿನ ನಮ್ಮ ಹಳ್ಳಿಗಳ ಜಗುಲಿಗಳ ಮೇಲೂ ದುಬೈ, ಅಬುಧಾಬಿ, ಕತಾರ್, ಕುವೈತ್ ಎಂಬ ಹೆಸರುಗಳು ಹೆಚ್ಚಾಗಿ ಕೇಳಿಬರುತ್ತಿವೆ. "ಅಪ್ಪಾ, ಎರಡು ಗುಂಟೆ ಮಾರಿಕೊಡು. ಅಲ್ಲಿ ಹೋಗಿ ಒಂದು ವರ್ಷ ಕೆಲಸ ಮಾಡಿ, ಆಮೇಲೆ ಸ್ವಂತ ಅಂಗಡಿ ಇಡುತ್ತೇನೆ" ಎಂದು ಮಗ ಕೇಳಿದರೆ ತಂದೆ ಏನು ಹೇಳಬೇಕು?

ಹೋಗಬೇಡ ಎಂದು ಹೇಳಿಕೊಡುವುದಕ್ಕೆ ಈ ಪಾಠವನ್ನು ಬರೆದಿಲ್ಲ. ಹೋಗಿ ನೆಮ್ಮದಿಯಾಗಿ ಬಾಳುತ್ತಿರುವ ಕನ್ನಡಿಗರು ಎಷ್ಟೋ ಮಂದಿ ಇದ್ದಾರೆ. ಆದರೆ ದೂರದ ಬೆಟ್ಟ ನುಣ್ಣಗೆ. ಆ ನಾಡಿನ ನೆಲದ ಗುಣವನ್ನು ತಿಳಿಯದೆ ಬಿತ್ತನೆಗೆ ಇಳಿಯಬಾರದು. ಅಲ್ಲಿ ಹಾಕುವ ಒಂದು ಸಹಿ ಇಲ್ಲಿಯ ಹೊಲವನ್ನು ಉಳಿಸಲೂಬಹುದು, ಕಳೆಯಲೂಬಹುದು. ಈ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಓದಿರಿ.

1. ಆ ನಾಡುಗಳು ಎಂಥವು?

ಭೂಪಟದಲ್ಲಿ ನೋಡಿದರೆ ಅವು ಬಹಳ ಚಿಕ್ಕವು. ಕತಾರ್ ದೇಶವೆಲ್ಲ ಸೇರಿದರೆ ನಮ್ಮ ತುಮಕೂರು ಜಿಲ್ಲೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಬಹರೇನ್ ನಮ್ಮ ಬೆಂಗಳೂರು ನಗರ ಜಿಲ್ಲೆಯ ಅರ್ಧದಷ್ಟೂ ಇಲ್ಲ. ಒಂದು ಕಾಲದಲ್ಲಿ ಅಲ್ಲಿಯ ಜನ ಸಮುದ್ರದಲ್ಲಿ ಮುಳುಗಿ ಮುತ್ತು ತೆಗೆದು, ಮೀನು ಹಿಡಿದು ಬದುಕುತ್ತಿದ್ದರು. 1932ರಲ್ಲಿ ಬಹರೇನಿನಲ್ಲಿಯೂ 1938ರಲ್ಲಿ ಕುವೈತಿನಲ್ಲಿಯೂ ತೈಲ ಸಿಕ್ಕಿತು. ಅಬುಧಾಬಿಯಿಂದ ಮೊದಲ ತೈಲ ಹೊರಗೆ ಹೋದದ್ದು 1962ರಲ್ಲಿ. ಆ ದಿನಗಳಲ್ಲಿ ಅಲ್ಲೆಲ್ಲ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. ಆ ಪ್ರದೇಶಕ್ಕೆಂದೇ ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಬೇರೆ ನೋಟುಗಳನ್ನು ಅಚ್ಚು ಹಾಕಿಸಿತ್ತು.

ತೈಲ ಬಂದ ಮೇಲೆ ಹಣ ಹರಿಯಿತು. ರಸ್ತೆ, ಆಸ್ಪತ್ರೆ, ಕಟ್ಟಡ ಎಲ್ಲವೂ ಒಟ್ಟಿಗೆ ಬೇಕಾದವು. ದುಡಿಯುವ ಕೈಗಳು ಮಾತ್ರ ಕಡಿಮೆ. ಆದಕಾರಣ ಹೊರಗಿನವರನ್ನು ಕರೆಸಿಕೊಂಡರು. ದುಬೈ, ಅಬುಧಾಬಿಗಳು ಸೇರಿರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಇಂದು ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಪರದೇಶದವರು. ಅವರಲ್ಲಿ ಭಾರತೀಯರೇ 35 ಲಕ್ಷಕ್ಕೂ ಹೆಚ್ಚು.

ಆದರೆ ಇಷ್ಟು ಮಂದಿ ಇದ್ದರೂ ಹೊರಗಿನವರು ಅಲ್ಲಿ ಅತಿಥಿಗಳೇ. ಇಪ್ಪತ್ತು ವರ್ಷ ದುಡಿದರೂ ಪೌರತ್ವ ಸಾಮಾನ್ಯವಾಗಿ ದೊರೆಯುವುದಿಲ್ಲ. ಅಲ್ಲಿ ಇರುವ ಅನುಮತಿ ಬಹುಮಟ್ಟಿಗೆ ಕೆಲಸಕ್ಕೆ ಕಟ್ಟಿಹಾಕಿದ್ದು. ಕೆಲಸ ಹೋದರೆ ಗೊತ್ತಾದ ದಿನಗಳೊಳಗೆ ಬೇರೆ ಕೆಲಸ ಹುಡುಕಿಕೊಳ್ಳಬೇಕು, ಇಲ್ಲವೇ ಮನೆಗೆ ಹಿಂದಿರುಗಬೇಕು.

2. ಅಂಗಡಿ ಯಾರ ಖಾತೆಯಲ್ಲಿ?

ಇದನ್ನು ನಮ್ಮ ಊರಿನ ಲೆಕ್ಕದಲ್ಲೇ ನೋಡೋಣ. ಒಬ್ಬರ ಖಾತೆಯಲ್ಲಿರುವ ಜಮೀನನ್ನು ನೀವು ಬಾಯಿಮಾತಿನ ಮೇಲೆ ಸಾಗುವಳಿಗೆ ಹಿಡಿದಿರಿ ಎನ್ನಿ. ಕೊಳವೆ ಬಾವಿ ಕೊರೆಸಿದಿರಿ, ದ್ರಾಕ್ಷಿ ಚಪ್ಪರ ಹಾಕಿಸಿದಿರಿ. ಮೂರನೆಯ ವರ್ಷ ಫಸಲು ಬರುವ ಹೊತ್ತಿಗೆ ಖಾತೆದಾರರು "ಇನ್ನು ಸಾಕು, ಬಿಡಿ" ಎಂದರೆ ನಿಮ್ಮ ಕೈಯಲ್ಲಿ ಏನು ಉಳಿಯಿತು? ಪಹಣಿಯಲ್ಲಿ ನಿಮ್ಮ ಹೆಸರಿಲ್ಲ. ನೀವು ಸುರಿಸಿದ ಬೆವರಿಗೆ ದಸ್ತಾವೇಜಿಲ್ಲ.

ತೈಲದ ನಾಡುಗಳಲ್ಲಿ ಬಹುಕಾಲ ವ್ಯಾಪಾರ ನಡೆದದ್ದು ಹೀಗೆಯೇ. ಕಂಪನಿಯ ನೂರು ಪಾಲುಗಳಲ್ಲಿ 51 ಪಾಲು ಆ ದೇಶದ ಪ್ರಜೆಯ ಹೆಸರಿನಲ್ಲಿ ಇರಬೇಕಾಗಿತ್ತು. ಎಷ್ಟೋ ಕಡೆ ಹಣವೂ ದುಡಿಮೆಯೂ ಪರದೇಶದವನದು, ಕಾಗದ ಮಾತ್ರ ಇನ್ನೊಬ್ಬರದು. ಒಳಗೊಳಗೆ ಬರೆದುಕೊಂಡ ಕರಾರಿನ ಮೇಲೆ ನಂಬಿಕೆಯಿಂದ ನಡೆಸುತ್ತಿದ್ದರು. ಅನೇಕರು ಆ ನಂಬಿಕೆ ಉಳಿಸಿಕೊಂಡರು. ಉಳಿಸಿಕೊಳ್ಳದ ಕಡೆ ಪರದೇಶದವನು ಬರಿಗೈಯಾದನು.

ಈಗ ನಿಯಮ ಸಡಿಲವಾಗಿದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 1985ರಲ್ಲಿ ಆರಂಭವಾದ ಜೆಬೆಲ್ ಅಲಿಯಂಥ ಮುಕ್ತ ವಲಯಗಳಲ್ಲಿ ಪೂರ್ತಿ ಒಡೆತನಕ್ಕೆ ಮೊದಲಿನಿಂದಲೂ ಅವಕಾಶವಿತ್ತು. 2021ರ ಜೂನ್‌ನಿಂದ ವಲಯದ ಹೊರಗೂ ಬಹುತೇಕ ವ್ಯಾಪಾರಗಳಿಗೆ ಅದನ್ನು ಕೊಟ್ಟರು. ಕತಾರ್ 2019ರ ಕಾನೂನಿನಲ್ಲಿ ಅನುಮತಿ ಪಡೆದು ಪೂರ್ತಿ ಒಡೆತನ ಹೊಂದಬಹುದೆಂದಿತು. ಕುವೈತಿನಲ್ಲಿ ಸಾಮಾನ್ಯ ವ್ಯಾಪಾರಕ್ಕೆ ಹಳೆಯ 51ರ ಲೆಕ್ಕವೇ. ಆದುದರಿಂದ "ಗಲ್ಫ್‌ನಲ್ಲೆಲ್ಲ ಹೀಗೆ" ಎಂದು ಯಾರಾದರೂ ಹೇಳಿದರೆ "ಯಾವ ದೇಶ? ಯಾವ ವ್ಯಾಪಾರ?" ಎಂದು ಕೇಳಿರಿ.

ಖರ್ಚನ್ನೂ ಮರೆಯಬಾರದು. ವ್ಯಾಪಾರದ ಲೈಸೆನ್ಸನ್ನು ಕಾಲಕಾಲಕ್ಕೆ ನವೀಕರಿಸಬೇಕು. ದುಬೈಯಲ್ಲಿ ಅಂಗಡಿಯ ಬಾಡಿಗೆಗೆ ವರ್ಷದ ಮೊದಲೇ ಮುಂದಿನ ತಾರೀಖಿನ ಚೆಕ್ಕುಗಳನ್ನು ಬರೆದುಕೊಡುವ ವಾಡಿಕೆ ಇದೆ. ಹಣವಿಲ್ಲದೆ ಚೆಕ್ಕು ಹಿಂದಿರುಗಿದರೆ ಮೊದಲು ಜೈಲೇ ಗತಿಯಾಗಿತ್ತು. 2022ರ ಜನವರಿಯಿಂದ ಆ ನಿಯಮ ಬಹಳ ಮಟ್ಟಿಗೆ ಸಡಿಲಿದರೂ ಹಣ ವಸೂಲಿಗೆ ನ್ಯಾಯಾಲಯದ ದಾರಿ ನೇರವಾಗಿಯೇ ಇದೆ. "ಅಲ್ಲಿ ತೆರಿಗೆಯೇ ಇಲ್ಲ" ಎಂಬುದೂ ಹಳೆಯ ಮಾತು. 2018ರಿಂದ ಮಾರಾಟದ ಮೇಲೆ ನೂರಕ್ಕೆ 5, 2023ರ ಜೂನ್‌ನಿಂದ 3,75,000 ದಿರ್ಹಮ್‌ಗೆ ಮೀರಿದ ಲಾಭದ ಮೇಲೆ ನೂರಕ್ಕೆ 9 ತೆರಿಗೆ ಬಂದಿದೆ.

3. ಕಾಪುವಿನಿಂದ ಅಬುಧಾಬಿಗೆ

ಕಣ್ಣ ಮುಂದಿನ ಒಂದು ಉದಾಹರಣೆ ನೋಡೋಣ. ಉಡುಪಿ ಕಡೆಯ ಕಾಪುವಿನಲ್ಲಿ 1942ರಲ್ಲಿ ಹುಟ್ಟಿದ ಬಿ. ಆರ್. ಶೆಟ್ಟರು 1973ರಲ್ಲಿ ಅಬುಧಾಬಿಗೆ ಹೋದರು. ಸೋದರಿಯ ಮದುವೆಯ ಸಾಲ ತೀರಿಸಬೇಕಾಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಅವರು ಔಷಧ ವಿದ್ಯೆ ಕಲಿತವರು. ಬಿಸಿಲಿನಲ್ಲಿ ಮನೆ ಮನೆ, ವೈದ್ಯರ ಬಾಗಿಲು ಬಾಗಿಲು ಅಲೆದು ಔಷಧ ಮಾರಿದರು. ಅಲ್ಲಿಯ ಜನರಿಗೆ ಏನು ಬೇಕು, ಏನು ಸಿಗುತ್ತಿಲ್ಲ ಎಂಬುದನ್ನು ಆ ಅಲೆದಾಟದಲ್ಲೇ ಕಂಡುಕೊಂಡರು. 1975ರಲ್ಲಿ ಒಂದು ಚಿಕ್ಕ ಚಿಕಿತ್ಸಾಲಯ ತೆರೆದರು. ಅಲ್ಲಿ ರೋಗಿಗಳನ್ನು ನೋಡುತ್ತಿದ್ದವರು ವೈದ್ಯೆಯಾಗಿದ್ದ ಅವರ ಪತ್ನಿ. ದುಡಿಯಲು ಬಂದವರು ಊರಿಗೆ ಹಣ ಕಳುಹಿಸಲು ಪಡುವ ಪಾಡನ್ನು ಕಂಡು, 1980ರಲ್ಲಿ ಆರಂಭವಾದ ಹಣ ರವಾನೆಯ ಸಂಸ್ಥೆಯನ್ನೂ ಬೆಳೆಸಿದರು. 2009ರಲ್ಲಿ ಪದ್ಮಶ್ರೀ ಬಂದಿತು. 2012ರಲ್ಲಿ ಅವರ ಆಸ್ಪತ್ರೆಗಳ ಕಂಪನಿ ಲಂಡನ್ನಿನ ಷೇರುಪೇಟೆಯನ್ನು ಸೇರಿತು.

ಇಲ್ಲಿಯವರೆಗಿನ ಪಾಠ ಸ್ಪಷ್ಟವಾಗಿದೆ: ಕೈಯಲ್ಲಿ ವಿದ್ಯೆ ಇತ್ತು, ಮೊದಲು ಕೂಲಿಯಾಗಿ ದುಡಿದು ಊರನ್ನು ಅರಿತರು, ಚಿಕ್ಕದಾಗಿ ಆರಂಭಿಸಿದರು.

ಮುಂದಿನ ಕಥೆ ಬೇರೆ. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಒಂದು ಸಂಸ್ಥೆ ಆ ಕಂಪನಿಯ ಲೆಕ್ಕಪತ್ರಗಳನ್ನು ಪ್ರಶ್ನಿಸಿತು. ಲೆಕ್ಕದಲ್ಲಿ ತೋರಿಸದಿದ್ದ 400 ಕೋಟಿ ಡಾಲರಿಗೂ ಹೆಚ್ಚಿನ ಸಾಲ ಹೊರಬಿತ್ತು. 2020ರ ಏಪ್ರಿಲ್‌ನಲ್ಲಿ ಲಂಡನ್ನಿನ ನ್ಯಾಯಾಲಯ ಕಂಪನಿಯನ್ನು ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸಿತು. ಬೇರೆಯವರು ತಮ್ಮನ್ನು ವಂಚಿಸಿದರೆಂಬುದು ಶೆಟ್ಟರ ವಾದ. ಹಲವು ದೇಶಗಳ ನ್ಯಾಯಾಲಯಗಳಲ್ಲಿ ವ್ಯಾಜ್ಯಗಳು ಹೂಡಲ್ಪಟ್ಟವು. ಅವುಗಳಲ್ಲಿ ಒಂದು 2018ರ ಒಂದು ಸಾಲದ ಜಾಮೀನನ್ನು ಕುರಿತದ್ದು. ಕಂಪನಿಗೆ ಸ್ಟೇಟ್ ಬ್ಯಾಂಕು ಕೊಟ್ಟ 5 ಕೋಟಿ ಡಾಲರ್ ಸಾಲಕ್ಕೆ ಶೆಟ್ಟರು ಸ್ವಂತ ಜಾಮೀನು ಹಾಕಿದ್ದರೆಂದು ಬ್ಯಾಂಕು ಹೇಳಿತು. ಆ ಸಹಿ ತಮ್ಮದಲ್ಲವೆಂದು ಅವರು ವಾದಿಸಿದರು. 2025ರ ಅಕ್ಟೋಬರ್‌ನಲ್ಲಿ ದುಬೈಯ ನ್ಯಾಯಾಲಯ ಅವರ ವಾದವನ್ನು ಒಪ್ಪದೆ, ಸುಮಾರು 4 ಕೋಟಿ 60 ಲಕ್ಷ ಡಾಲರನ್ನು ತೆರಬೇಕೆಂದು ಆದೇಶಿಸಿತು.

ಯಾರದು ಸರಿ, ಯಾರದು ತಪ್ಪು ಎಂದು ತೂಗುವುದು ನಮ್ಮ ಕೆಲಸವಲ್ಲ. ನಾವು ಗಮನಿಸಬೇಕಾದುದು ಇಷ್ಟೇ: ನಾಲ್ವತ್ತೈದು ವರ್ಷ ಕಟ್ಟಿದ ಮನುಷ್ಯನ ಬಾಗಿಲಿಗೂ ಕೊನೆಗೆ ಬಂದು ನಿಂತದ್ದು ಒಂದು ಜಾಮೀನು ಪತ್ರದ ಸಹಿ. ಕಂಪನಿಯ ಸಾಲ ಬೇರೆ, ನಿಮ್ಮ ಸ್ವಂತ ಜಾಮೀನು ಬೇರೆ. ಅಂಗಡಿ ಮುಳುಗಿದರೆ ಅಂಗಡಿಯೊಂದಿಗೆ ಮುಗಿಯಬಹುದು. ಸ್ವಂತ ಜಾಮೀನು ಮನೆಯವರೆಗೂ ಬರುತ್ತದೆ.

4. ಸಾಲದ ಲೆಕ್ಕ

ಈಗ ಪೆನ್ಸಿಲು ಹಿಡಿಯಿರಿ. ಒಬ್ಬ ಯುವಕ ಏಜೆಂಟನಿಗೆ ಕೊಡಲು 2 ಲಕ್ಷ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಲ್ಲಿ ತಂದನು ಎನ್ನೋಣ. ಬಡ್ಡಿಯೇ ತಿಂಗಳಿಗೆ 6,000. ಕತಾರಿನಲ್ಲಿ 2021ರ ಮಾರ್ಚಿಯಿಂದ ಕನಿಷ್ಠ ಸಂಬಳ 1,000 ರಿಯಾಲ್. ಊಟ, ವಸತಿಯನ್ನು ಮಾಲೀಕನೇ ಕೊಡಬೇಕು, ಇಲ್ಲವೇ ಅದಕ್ಕೆ 800 ರಿಯಾಲ್ ಸೇರಿಸಬೇಕು. ರಿಯಾಲಿಗೆ 23 ರೂಪಾಯಿಯೆಂದು ಹಿಡಿದರೆ ಸಂಬಳ 23,000. ತನ್ನ ಕೈಖರ್ಚಿಗೆ 5,000 ಇಟ್ಟುಕೊಂಡು 18,000 ಕಳುಹಿಸುತ್ತಾನೆ. ಮನೆಗೆ 7,000 ಹೋದರೆ ಸಾಲಕ್ಕೆ 11,000 ಸಿಗುತ್ತದೆ. ಅಸಲು ಇಳಿದಂತೆ ಬಡ್ಡಿಯೂ ಇಳಿಯುತ್ತದೆ ನಿಜ. ಆದರೂ ಸಾಲ ತೀರಲು 27 ತಿಂಗಳು ಬೇಕು. ಕೆಲಸದ ಕರಾರು ಸಾಮಾನ್ಯವಾಗಿ ಎಷ್ಟು? 24 ತಿಂಗಳು! ಎರಡು ವರ್ಷ ಮರಳುಗಾಡಿನಲ್ಲಿ ದುಡಿದವನು ಸಾಲಗಾರನಾಗಿಯೇ ಊರಿಗೆ ಬಂದನು.

ನೋಂದಾಯಿತ ಏಜೆಂಟರು ಕಾನೂನಿನ ಪ್ರಕಾರ ಕೇಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ., ಒಟ್ಟು 35,400. ಅದೇ ಬಡ್ಡಿ, ಅದೇ ಕಂತಿನಲ್ಲಿ ಅದು ನಾಲ್ಕೇ ತಿಂಗಳಲ್ಲಿ ತೀರುತ್ತದೆ. ಉಳಿದ ಇಪ್ಪತ್ತು ತಿಂಗಳಿನ ಉಳಿತಾಯವೇ ಮುಂದಿನ ಅಂಗಡಿಗೆ ಬಂಡವಾಳ. ಹೊಲ ಮಾರಿದ ಹಣದಿಂದ ಅಂಗಡಿ ಇಡಬೇಡಿ, ಅಲ್ಲಿ ದುಡಿದು ಉಳಿಸಿದ ಹಣದಿಂದ ಇಡಿ.

5. ಹೊರಡುವ ಮುನ್ನ

(1) ಏಜೆಂಟನ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಿರಿ. ಹಣ ಕೊಟ್ಟರೆ ರಸೀತಿ ಪಡೆಯಿರಿ. ರಸೀತಿ ಇಲ್ಲದಿದ್ದರೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

(2) ಹತ್ತನೆಯ ತರಗತಿ ಪಾಸಾಗದವರು ಈ ನಾಡುಗಳಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯಿದೆಯಂತೆ ಅನುಮತಿ ಬೇಕು. ಅದನ್ನು ತಪ್ಪಿಸಿ ಪ್ರವಾಸದ ವೀಸಾದಲ್ಲಿ ಕಳುಹಿಸುತ್ತೇನೆ ಎನ್ನುವವನನ್ನು ನಂಬಬೇಡಿ. ಪ್ರವಾಸದ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ.

(3) "ಆಜಾದ್ ವೀಸಾ, ಎಲ್ಲಿ ಬೇಕಾದರೂ ದುಡಿಯಬಹುದು" ಎಂಬ ಮಾತಿಗೆ ಮರುಳಾಗಬೇಡಿ. ಹೆಸರಿಗೆ ಒಬ್ಬ ಮಾಲೀಕ, ಕೆಲಸ ಇನ್ನೊಂದು ಕಡೆ ಎಂದರೆ ಸಿಕ್ಕಿಬಿದ್ದ ದಿನ ಹಿಡಿಯುವುದು ನಿಮ್ಮನ್ನೇ.

(4) ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಿರಿ. ಎರಡು ವರ್ಷಕ್ಕೆ 275 ರೂಪಾಯಿ ಕಂತಿಗೆ, ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷದ ವಿಮೆ ಇದೆ.

(5) ಅರಬ್ಬಿಯಲ್ಲಿ ಬರೆದ ಕಾಗದಕ್ಕೆ, ಅರ್ಥವನ್ನು ನಂಬಿಕಸ್ಥರಿಂದ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಖಾಲಿ ಕಾಗದಕ್ಕೂ ಖಾಲಿ ಚೆಕ್ಕಿಗೂ ಎಂದೂ ಹಾಕಬೇಡಿ. ಪ್ರತಿಯೊಂದರ ನಕಲು ಊರಿನ ಮನೆಯ ಪೆಟ್ಟಿಗೆಯಲ್ಲಿ ಇರಲಿ.

(6) ಕಷ್ಟ ಬಂದಾಗ ಭಾರತದ ರಾಯಭಾರ ಕಚೇರಿಗೆ ಹೋಗಿ. ಅಬುಧಾಬಿ ಕರ್ನಾಟಕ ಸಂಘ, ಕರ್ನಾಟಕ ಸಂಘ ಕತಾರ್, ಕುವೈತ್ ಕನ್ನಡ ಕೂಟ, ಬಹರೇನ್ ಕನ್ನಡ ಸಂಘಗಳಲ್ಲಿ ನಮ್ಮ ಭಾಷೆಯವರು ಸಿಗುತ್ತಾರೆ. ಹೋದ ವಾರದಲ್ಲೇ ಗುರುತು ಮಾಡಿಕೊಳ್ಳಿ.

6. ಹೊಲ ಏಕೆ ಉಳಿಯಬೇಕು?

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಬ್ಯಾಂಕು ಮುಚ್ಚಿತು, ಕುವೈತಿನ ದಿನಾರಿಗೆ ಬೆಲೆ ಇಲ್ಲವಾಯಿತು. ಹತ್ತಾರು ವರ್ಷ ಅಂಗಡಿ ನಡೆಸಿದವರೂ ಬಾಗಿಲೆಳೆದು, ಕೈಚೀಲ ಹಿಡಿದು, ಮರಳುಗಾಡಿನ ದಾರಿಯಲ್ಲಿ ಜೋರ್ಡನ್ ದೇಶದ ಅಮ್ಮಾನಿಗೆ ಬಂದರು. ಅಲ್ಲಿಂದ ನಮ್ಮ ವಿಮಾನಗಳು ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಮುಂಬಯಿಗೆ ಕರೆತಂದವು. ತೈಲದ ಬೆಲೆ ಬಿದ್ದರೂ ಹೀಗೆಯೇ, ಆದರೆ ನಿಧಾನವಾಗಿ. 2014ರ ನಡುವಿನಲ್ಲಿ ಪೀಪಾಯಿಗೆ 100 ಡಾಲರಿಗಿಂತ ಮೇಲಿದ್ದ ಬೆಲೆ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿದಾಗ ಎಷ್ಟೋ ಕೆಲಸಗಳು ನಿಂತವು.

ಹಾಗೆ ಬಂದವನಿಗೆ ಕಾಲೂರಲು ನೆಲ ಬೇಕು. ನಮ್ಮ ಹೋಬಳಿಯಲ್ಲಿ ಇಂದು ಮಾರಿದ ಗುಂಟೆಯನ್ನು ನಾಳೆ ಅದೇ ಬೆಲೆಗೆ ಕೊಂಡವರನ್ನು ನೀವು ಕಂಡಿದ್ದೀರಾ?

ಮನೆಯಲ್ಲಿ ಕೂತು ಉತ್ತರಿಸಿರಿ

1. ನಿಮ್ಮ ಮಗನ ಕೈಯಲ್ಲಿ ಯಾವ ಕೆಲಸದ ವಿದ್ಯೆ ಇದೆ? ಅದನ್ನು ಆ ನಾಡು ಕೇಳುತ್ತದೆಯೇ?
2. ಸಾಲ ಎಷ್ಟು? ಬಡ್ಡಿ ಎಷ್ಟು? ಕರಾರಿನ ಅವಧಿಯೊಳಗೆ ತೀರುತ್ತದೆಯೇ?
3. ಅಂಗಡಿಯ ಲೈಸೆನ್ಸು ಯಾರ ಹೆಸರಿನಲ್ಲಿ? ಕಾಗದವನ್ನು ಓದಿ ಹೇಳಿದವರು ಯಾರು?
4. ನಾಳೆಯೇ ಹಿಂದಿರುಗಬೇಕಾದರೆ ಊರಿನಲ್ಲಿ ಏನು ಉಳಿದಿರುತ್ತದೆ?

ನಾಲ್ಕಕ್ಕೂ ಮನೆಯವರೆಲ್ಲ ಒಪ್ಪುವ ಉತ್ತರ ದೊರೆತರೆ ಮಗನನ್ನು ಸಂತೋಷದಿಂದ ಕಳುಹಿಸಿಕೊಡಿ. ಒಂದಕ್ಕೆ ಸಿಗದಿದ್ದರೂ ಒಂದು ಮಳೆಗಾಲ ತಡೆಯಿರಿ. ಆ ನಾಡು ಎಲ್ಲಿಗೂ ಓಡಿಹೋಗುವುದಿಲ್ಲ.