ಹಂಚಿಕೆಯಿಂದ ಆದ್ಯತೆಯ ಕಡೆಗೆ: ಗ್ರಾಮ ಪಂಚಾಯತ್‌ನ ನೂತನ ಸದಸ್ಯರಿಗೆ ಒಂದು ಪಾಠ

ಪೀಠಿಕೆ

ಚುನಾವಣೆಯು ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಆರಿಸಿ ಕಳುಹಿಸುತ್ತದೆ. ಕಾನೂನು ಅವರೆಲ್ಲರನ್ನೂ ಸೇರಿಸಿ ಒಂದೇ ಸಂಸ್ಥೆಯೆಂದು ಪರಿಗಣಿಸುತ್ತದೆ. ನಿನ್ನೆಯವರೆಗೆ ಪರಸ್ಪರ ಎದುರಾಳಿಗಳಾಗಿದ್ದವರು, ಬೇರೆ ಬೇರೆ ಮಜರೆಗಳ ಬೇಡಿಕೆಗಳನ್ನು ಹೊತ್ತು ಬಂದವರು ಇಂದು ಒಂದೇ ನಡವಳಿ ಪುಸ್ತಕದಲ್ಲಿ ಸಹಿ ಹಾಕಬೇಕಾಗಿದೆ. ಈ ಬದಲಾವಣೆ ತಾನಾಗಿಯೇ ಆಗುವಂಥದ್ದಲ್ಲ, ಅದನ್ನು ಕಲಿಯಬೇಕಾಗುತ್ತದೆ. ನೂತನ ಸದಸ್ಯರು ಮೊದಲ ವರ್ಷದಲ್ಲಿ ಕೂಡಿ ಕೆಲಸ ಮಾಡುವ ಕ್ರಮವನ್ನು ಹೇಗೆ ರೂಢಿಸಿಕೊಳ್ಳಬಹುದು ಎಂಬುದನ್ನು ಜೋಯಿಡಾ ತಾಲೂಕಿನ ಅಣಶಿ ಭಾಗದ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ಈ ಪಾಠದಲ್ಲಿ ವಿವರಿಸಲಾಗಿದೆ.

1. ಸದಸ್ಯನ ಅಧಿಕಾರ ಇರುವುದು ಸಭೆಯಲ್ಲಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಸಾಮಾನ್ಯವಾಗಿ ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯರು ಆಯ್ಕೆಯಾಗುತ್ತಾರೆ. ಆದರೆ ಕಾಮಗಾರಿಯನ್ನು ಮಂಜೂರು ಮಾಡುವ, ಹಣ ಖರ್ಚು ಮಾಡುವ ಅಥವಾ ಸಿಬ್ಬಂದಿಗೆ ಆದೇಶ ನೀಡುವ ಅಧಿಕಾರವನ್ನು ಒಬ್ಬ ಸದಸ್ಯರಿಗೆ ಪ್ರತ್ಯೇಕವಾಗಿ ನೀಡಿಲ್ಲ. ಅಧಿಕಾರವಿರುವುದು ಸಭೆಗೆ. ಸಭೆಯ ಠರಾವಿಲ್ಲದೆ ಸದಸ್ಯರು ಮತದಾರರಿಗೆ ಕೊಟ್ಟ ಯಾವ ಭರವಸೆಯೂ ಕಾರ್ಯರೂಪಕ್ಕೆ ಬರಲಾರದು. ಆದುದರಿಂದ ಇತರ ಸದಸ್ಯರ ಒಪ್ಪಿಗೆಯನ್ನು ಗಳಿಸುವುದು ಸದಸ್ಯರ ಕೆಲಸದ ತಿರುಳೇ ಆಗಿದೆ.

ನೆರೆಯ ದಾಂಡೇಲಿ ನಗರಸಭೆ, ಹಳಿಯಾಳ ಪುರಸಭೆ, ಮುಂಡಗೋಡ ಪಟ್ಟಣ ಪಂಚಾಯತ್‌ಗಳ ಚುನಾವಣೆಗಳು ಪಕ್ಷದ ಚಿಹ್ನೆಯ ಮೇಲೆ ನಡೆಯುತ್ತವೆ. ಅಲ್ಲಿ ಸದಸ್ಯರನ್ನು ಒಂದುಗೂಡಿಸಲು ಪಕ್ಷದ ಸಚೇತಕಾಜ್ಞೆ ಇರುತ್ತದೆ. ಗ್ರಾಮ ಪಂಚಾಯತ್ ಚುನಾವಣೆ ಪಕ್ಷರಹಿತವಾದುದು. ಇಲ್ಲಿ ಬಹುಮತವನ್ನು ಪ್ರತಿಯೊಂದು ವಿಷಯಕ್ಕೂ ಮಾತುಕತೆಯಿಂದಲೇ ಕಟ್ಟಬೇಕು. ಇದು ಕಷ್ಟವೂ ಹೌದು, ಅನುಕೂಲವೂ ಹೌದು. ಒಂದು ವಿಷಯದಲ್ಲಿ ವಿರೋಧಿಸಿದವರು ಮತ್ತೊಂದು ವಿಷಯದಲ್ಲಿ ಬೆಂಬಲಿಸಲು ಯಾವ ಅಡ್ಡಿಯೂ ಇರುವುದಿಲ್ಲ.

2. ಅಣಶಿ ಭಾಗದ ವಸ್ತುಸ್ಥಿತಿ

ಕಾಳಿ ನದಿಯ ಕಣಿವೆಗೆ ಹೊಂದಿಕೊಂಡ ಈ ಪ್ರದೇಶದಲ್ಲಿ ಮನೆಗಳು ದಟ್ಟ ಅರಣ್ಯದ ನಡುವೆ ಚದುರಿಕೊಂಡಿವೆ. ಅಣಶಿ ರಾಷ್ಟ್ರೀಯ ಉದ್ಯಾನವು 1987ರಲ್ಲಿ ಘೋಷಣೆಯಾಯಿತು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ ರೂಪುಗೊಂಡು, 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರಾಯಿತು. ಹತ್ತು ಹದಿನೈದು ಮನೆಗಳ ಒಂದು ಮಜರೆಗೂ ಮತ್ತೊಂದಕ್ಕೂ ನಡುವೆ ಹಳ್ಳ, ಗುಡ್ಡ, ಕಾಡು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಲುಸಂಕವೇ ಶಾಲೆಗೆ, ಪಡಿತರಕ್ಕೆ, ಆಸ್ಪತ್ರೆಗೆ ಇರುವ ಏಕೈಕ ದಾರಿ. ಘಟ್ಟದ ರಸ್ತೆಯ ಮೇಲೆ ಮರ ಬಿದ್ದರೆ ಅಥವಾ ಗುಡ್ಡ ಕುಸಿದರೆ ಸದಸ್ಯರೇ ಸಭೆಗೆ ಬರಲಾಗದ ದಿನಗಳುಂಟು.

ಇದರೊಡನೆ ಭಾಷೆಯ ಪ್ರಶ್ನೆಯೂ ಇದೆ. ಸದಸ್ಯರಲ್ಲಿ ಹಲವರ ಮನೆಮಾತು ಕೊಂಕಣಿ ಅಥವಾ ಮರಾಠಿ. ನಡವಳಿ, ಸುತ್ತೋಲೆ, ಅಂದಾಜು ಪಟ್ಟಿಗಳು ಇರುವುದು ಕನ್ನಡದಲ್ಲಿ. ಸಭೆಯಲ್ಲಿ ಸುಮ್ಮನೆ ಕುಳಿತವರೆಲ್ಲ ಒಪ್ಪಿದ್ದಾರೆಂದು ಭಾವಿಸುವುದು ಈ ಭಾಗದಲ್ಲಿ ದೊಡ್ಡ ತಪ್ಪಾದೀತು. ಆದುದರಿಂದ ಠರಾವನ್ನು ಬರೆಯುವ ಮುನ್ನ ಅದರ ಸಾರಾಂಶವನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳಿ, ಬರೆದ ನಂತರ ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯನ್ನು ಮೊದಲ ಸಭೆಯಿಂದಲೇ ಆರಂಭಿಸುವುದು ಸೂಕ್ತ.

3. ಸಮಪಾಲು ಏಕೆ ಸಾಲದು

ನೂತನ ಸದಸ್ಯರ ನಡುವೆ ಮೊದಲ ಭಿನ್ನಾಭಿಪ್ರಾಯ ಹುಟ್ಟುವುದು ಸಾಮಾನ್ಯವಾಗಿ ಕ್ರಿಯಾ ಯೋಜನೆಯ ಸಭೆಯಲ್ಲಿ. ಜಗಳ ತಪ್ಪಿಸಲು ಹಲವೆಡೆ ಅನುಸರಿಸುವ ಸುಲಭ ಮಾರ್ಗವೆಂದರೆ ಅನುದಾನವನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿ ಹಂಚುವುದು. ಇದರ ಪರಿಣಾಮವನ್ನು ಲೆಕ್ಕ ಹಾಕಿಯೇ ನೋಡೋಣ.

ಒಂಬತ್ತು ಸದಸ್ಯರ ಒಂದು ಕಾಲ್ಪನಿಕ ಪಂಚಾಯತ್‌ಗೆ ವರ್ಷಕ್ಕೆ ರೂ. 13,50,000 ಅನುದಾನ ಬಂದಿದೆ ಎಂದಿಟ್ಟುಕೊಳ್ಳೋಣ. 15ನೇ ಹಣಕಾಸು ಆಯೋಗದ 2021-26ರ ಅವಧಿಯ ನಿಯಮದಂತೆ ಇದರ ಶೇ. 60 ಭಾಗ, ಅಂದರೆ ರೂ. 8,10,000 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿತವಾದುದು. ಉಳಿದ ಶೇ. 40 ಭಾಗ, ಅಂದರೆ ರೂ. 5,40,000 ಅನಿರ್ಬಂಧಿತ. ಇದನ್ನು ಸಮನಾಗಿ ಹಂಚಿದರೆ ಪ್ರತಿ ಸದಸ್ಯರ ಪಾಲಿಗೆ ರೂ. 60,000.

ಈಗ ಹಳ್ಳದಾಚೆಯ ಒಂದು ಮಜರೆಗೆ ಕಾಲುಸಂಕ ಬೇಕಾಗಿದ್ದು, ಅದರ ಅಂದಾಜು ವೆಚ್ಚ ರೂ. 2,40,000 ಇದೆ ಎನ್ನಿ. ಆ ಭಾಗದ ಸದಸ್ಯರು ತಮ್ಮ ಪಾಲನ್ನು ನಾಲ್ಕು ವರ್ಷ ಕೂಡಿಟ್ಟರೆ ಮಾತ್ರ ಸಂಕ ಆಗುತ್ತದೆ. ನಾಲ್ಕು ಮಳೆಗಾಲ ಮಕ್ಕಳು ಹಳ್ಳದ ಈಚೆ ಬರುವಂತಿಲ್ಲ. ಕಂತು ಕಂತಾಗಿ ಕಟ್ಟೋಣವೆಂದರೆ, ಒಂದು ದಡದ ಆಧಾರ ಗೋಡೆ ಮಾತ್ರ ಕಟ್ಟಿದ ಸಂಕ ಯಾರ ಭಾರವನ್ನೂ ಹೊರಲಾರದು. ಇನ್ನೊಂದೆಡೆ ತುರ್ತು ಕೆಲಸವಿಲ್ಲದ ವಾರ್ಡಿನಲ್ಲಿ ರೂ. 60,000 ಹೇಗಾದರೂ ಖರ್ಚಾಗಬೇಕೆಂದು, ಇರುವ ಚರಂಡಿಯ ಮೇಲೆಯೇ ಮತ್ತೊಂದು ಪದರ ಸಿಮೆಂಟ್ ಬೀಳುತ್ತದೆ. ಹಂಚಿ ತಿಂದರೆ ಹಸಿವಿಲ್ಲ ಎಂಬುದು ನಮ್ಮ ಗಾದೆ. ಅನ್ನಕ್ಕೆ ಸಲ್ಲುವ ಈ ಮಾತು ಸಂಕಕ್ಕೆ ಸಲ್ಲುವುದಿಲ್ಲ.

4. ಆದ್ಯತೆಯನ್ನು ಅಳೆಯುವ ಕ್ರಮ

ಸಮಪಾಲನ್ನು ಬಿಡಬೇಕೆಂದರೆ ಅದಕ್ಕಿಂತ ನ್ಯಾಯವಾದ ಅಳತೆಗೋಲೊಂದು ಬೇಕು. ಇಲ್ಲವಾದರೆ ಗಟ್ಟಿ ಧ್ವನಿಯವರ ವಾರ್ಡಿಗೇ ಹಣ ಹೋಗುತ್ತದೆ. ಕೆಳಗಿನ ನಾಲ್ಕು ಪ್ರಶ್ನೆಗಳಿಗೆ ತಲಾ 0ಯಿಂದ 3 ಅಂಕ ನೀಡುವ ಸರಳ ಕ್ರಮವನ್ನು ಅನುಸರಿಸಬಹುದು.

(ಅ) ಈ ವರ್ಷ ಕೆಲಸವಾಗದಿದ್ದರೆ ಪ್ರಾಣಕ್ಕೆ, ಚಿಕಿತ್ಸೆಗೆ, ಮಕ್ಕಳ ಶಿಕ್ಷಣಕ್ಕೆ ತೊಂದರೆ ಇದೆಯೇ?
(ಆ) ಫಲಾನುಭವಿ ಕುಟುಂಬಗಳಿಗೆ ಬೇರೆ ದಾರಿ ಇದೆಯೇ, ಇಲ್ಲವೇ?
(ಇ) ಲಭ್ಯವಿರುವ ಹಣದಲ್ಲಿ ಇದೇ ವರ್ಷ ಪೂರ್ಣಗೊಳ್ಳುವುದೇ?
(ಈ) ಜಾಗ ಮತ್ತು ಅನುಮತಿಗಳು ಸಿದ್ಧವಿವೆಯೇ?

ಎರಡನೆಯ ಪ್ರಶ್ನೆಯಲ್ಲಿ ಕುಟುಂಬಗಳ ಸಂಖ್ಯೆಯನ್ನಷ್ಟೇ ಕೇಳಿಲ್ಲ ಎಂಬುದನ್ನು ಗಮನಿಸಬೇಕು. ಬರಿಯ ಸಂಖ್ಯೆಯನ್ನು ಎಣಿಸಿದರೆ ಹನ್ನೆರಡು ಮನೆಗಳ ಮಜರೆ ಐದು ವರ್ಷವೂ ಪಟ್ಟಿಯ ಕೊನೆಯಲ್ಲೇ ಉಳಿಯುತ್ತದೆ. ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರವು 1989ರಲ್ಲಿ ಆರಂಭಿಸಿದ ಸಹಭಾಗಿ ಆಯವ್ಯಯ ಪದ್ಧತಿಯಲ್ಲಿಯೂ ಬಡಾವಣೆಗಳ ಜನಸಂಖ್ಯೆಯ ಜೊತೆಗೆ ಅಲ್ಲಿನ ಸೌಕರ್ಯದ ಕೊರತೆಗೂ ಅಂಕ ನೀಡಲಾಗುತ್ತಿತ್ತು. ನಮ್ಮ ಮಜರೆಗಳಿಗೂ ಇದೇ ತತ್ತ್ವ ಅನ್ವಯವಾಗುತ್ತದೆ.

ಅಳತೆಗೋಲನ್ನು ಕಾಮಗಾರಿಗಳ ಪಟ್ಟಿ ಸಭೆಯ ಮುಂದೆ ಬರುವ ಮೊದಲೇ ಒಪ್ಪಿಕೊಳ್ಳತಕ್ಕದ್ದು. ಯಾವ ಕೆಲಸ ಯಾರದೆಂದು ತಿಳಿದ ಮೇಲೆ ಅಳತೆಗೋಲನ್ನು ನಿಗದಿಪಡಿಸಲು ಹೊರಟರೆ ಪ್ರತಿಯೊಬ್ಬರೂ ತಮಗೆ ಒಗ್ಗುವ ಅಳತೆಯನ್ನೇ ಕೇಳುತ್ತಾರೆ.

ಮೇಲಿನ ಉದಾಹರಣೆಯಲ್ಲಿ ಕಾಲುಸಂಕ (ರೂ. 2,40,000), ಸೋರುತ್ತಿರುವ ಅಂಗನವಾಡಿಯ ಚಾವಣಿ (ರೂ. 90,000) ಮತ್ತು ಒಂದು ಕೂಡುರಸ್ತೆಯ ದುರಸ್ತಿ (ರೂ. 2,00,000) ಮೊದಲ ಮೂರು ಸ್ಥಾನ ಪಡೆದವೆಂದರೆ ಒಟ್ಟು ರೂ. 5,30,000 ಆಗುತ್ತದೆ. ಮೂರು ಕೆಲಸಗಳೂ ಮಳೆಗಾಲಕ್ಕೆ ಮೊದಲೇ ಪೂರ್ಣಗೊಳ್ಳಬಹುದು. ಆದರೆ ಉಳಿದ ಆರು ಸದಸ್ಯರು ಈ ಬಾಬಿನಲ್ಲಿ ಬರಿಗೈಯಲ್ಲಿ ತಮ್ಮ ವಾರ್ಡಿಗೆ ಹಿಂದಿರುಗುತ್ತಾರೆ. ಸದಸ್ಯರ ಒಗ್ಗಟ್ಟಿನ ನಿಜವಾದ ಪರೀಕ್ಷೆ ಇರುವುದು ಇಲ್ಲಿಯೇ.

5. ಬಿಟ್ಟುಕೊಟ್ಟವರ ಹಿತ ಕಾಯುವುದು

ಈ ವರ್ಷ ಬಿಟ್ಟುಕೊಟ್ಟ ಸದಸ್ಯರಿಗೆ ಬಾಯಿಮಾತಿನ ಭರವಸೆ ಸಾಲದು. ಮೂರು ಕ್ರಮಗಳು ಅಗತ್ಯ.

ಮೊದಲನೆಯದಾಗಿ, ಉಳಿದ ಬೇಡಿಕೆಗಳನ್ನು ಅಂಕದ ಕ್ರಮದಲ್ಲಿಯೇ ಮುಂದಿನ ಸಾಲಿನ ಆದ್ಯತಾ ಪಟ್ಟಿಯೆಂದು ನಡವಳಿಯಲ್ಲಿ ದಾಖಲಿಸಬೇಕು. ಎರಡನೆಯದಾಗಿ, ಮುಂದಿನ ವರ್ಷದ ಕ್ರಿಯಾ ಯೋಜನೆಯ ಸಭೆಯನ್ನು ಆ ಪುಟವನ್ನು ಓದುವುದರೊಂದಿಗೇ ಆರಂಭಿಸಬೇಕು. ಹೊಸ ತುರ್ತು ಉದ್ಭವಿಸಿದ್ದರೆ ಕ್ರಮವನ್ನು ಬದಲಿಸಬಹುದು. ಆದರೆ ಬದಲಾವಣೆಯ ಕಾರಣವನ್ನು ಬರೆಯಲೇಬೇಕು. ಮೂರನೆಯದಾಗಿ, ಬಿಟ್ಟುಕೊಟ್ಟ ಸದಸ್ಯರ ವಾರ್ಡ್ ಸಭೆಗೆ ಅಧ್ಯಕ್ಷರು ಸ್ವತಃ ಹೋಗಿ ನಿರ್ಣಯವನ್ನು ವಿವರಿಸಬೇಕು. "ನಮ್ಮ ಸದಸ್ಯರಿಂದ ಏನೂ ಆಗಲಿಲ್ಲ" ಎಂಬ ಮಾತು ಕೇಳಬೇಕಾದವರು ಆ ಸದಸ್ಯರೊಬ್ಬರೇ ಆದರೆ, ಅವರು ಮುಂದಿನ ಬಾರಿ ಬಿಟ್ಟುಕೊಡಲಾರರು.

ಎರಡನೆಯ ವರ್ಷ ಆ ಪುಟಕ್ಕೆ ಗೌರವ ಸಿಕ್ಕಿತೆಂದರೆ ಸದಸ್ಯರ ನಡುವೆ ವಿಶ್ವಾಸ ಬೇರೂರುತ್ತದೆ. ಸಿಗದಿದ್ದರೆ ಮೂರನೆಯ ವರ್ಷ ಎಲ್ಲರೂ ಸಮಪಾಲಿಗೇ ಹಿಂದಿರುಗುತ್ತಾರೆ.

6. ಸಭೆಯ ಶಿಸ್ತು

ಸಾಮಾನ್ಯ ಸಭೆಗೆ ಪೂರ್ಣ 7 ದಿನ, ವಿಶೇಷ ಸಭೆಗೆ ಪೂರ್ಣ 3 ದಿನ ಮುಂಚಿತವಾಗಿ ತಿಳುವಳಿಕೆ ಪತ್ರ ನೀಡತಕ್ಕದ್ದು. ದೂರವಾಣಿ ಸಂಪರ್ಕ ದುರ್ಬಲವಾಗಿರುವ ಈ ಭಾಗದಲ್ಲಿ ಮೊಬೈಲ್ ಸಂದೇಶವನ್ನೇ ನಂಬದೆ ಕಾರ್ಯಸೂಚಿಯನ್ನು ಸದಸ್ಯರ ಕೈಗೆ ತಲುಪಿಸಿ ಸಹಿ ಪಡೆಯುವುದು ಕ್ಷೇಮ.

ಅಸಮಾಧಾನವನ್ನು ಸೂಚಿಸಲು ಸಭೆಗೆ ಗೈರಾಗುವುದು ಸಾಮಾನ್ಯ. ಅದರ ಬೆಲೆಯನ್ನು ತೆರುವವರು ಯಾರೆಂದು ಯೋಚಿಸಬೇಕು. ಕ್ರಿಯಾ ಯೋಜನೆಗೆ ಅನುಮೋದನೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್ ಒಂದರ ನಂತರ ಒಂದು ಆಗಬೇಕಾದವು. ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಎರಡು ಸಭೆಗಳು ಕೋರಂ ಇಲ್ಲದೆ ಮುಂದೂಡಲ್ಪಟ್ಟರೆ ಜೂನ್ ಬಂದೇ ಬರುತ್ತದೆ. ಮಳೆ ಆರಂಭವಾದ ಮೇಲೆ ಹಳ್ಳದಲ್ಲಿ ಅಡಿಪಾಯ ತೋಡಲಾಗದು. ಗೈರುಹಾಜರಾದ ಸದಸ್ಯರ ಸಿಟ್ಟು ತಣಿಯುವಷ್ಟರಲ್ಲಿ ಹಳ್ಳದಾಚೆಯ ಮಜರೆ ಒಂದು ವರ್ಷವನ್ನು ಕಳೆದುಕೊಂಡಿರುತ್ತದೆ. ಒಪ್ಪಿಗೆಯಿಲ್ಲದ ಸದಸ್ಯರು ಹಾಜರಿದ್ದು, ತಮ್ಮ ಭಿನ್ನಾಭಿಪ್ರಾಯವನ್ನು ನಡವಳಿಯಲ್ಲಿ ಬರೆಸುವುದೇ ಸರಿಯಾದ ದಾರಿ.

ರಾಜ್ಯದ ಪಂಚಾಯತ್‌ಗಳಲ್ಲಿ ಮಹಿಳೆಯರಿಗೆ 2010ರಿಂದ ಶೇ. 50ರಷ್ಟು ಸ್ಥಾನಗಳು ಮೀಸಲಾಗಿವೆ. ಸದಸ್ಯೆಯ ಪರವಾಗಿ ಪತಿಯಾಗಲಿ, ಸಂಬಂಧಿಕರಾಗಲಿ ಸಭೆಯಲ್ಲಿ ಕುಳಿತುಕೊಳ್ಳಲು ಅವಕಾಶವಿಲ್ಲ. ಪ್ರತಿ ವಿಷಯದಲ್ಲೂ ಒಂದು ಸುತ್ತು ಎಲ್ಲರ ಅಭಿಪ್ರಾಯ ಕೇಳಿದ ನಂತರವೇ ಎರಡನೆಯ ಬಾರಿ ಮಾತನಾಡಲು ಅವಕಾಶ ನೀಡುವ ಪದ್ಧತಿಯಿಂದ ಮೊದಲ ಬಾರಿಗೆ ಬಂದವರೂ ಮಾತನಾಡುವುದನ್ನು ರೂಢಿಸಿಕೊಳ್ಳುತ್ತಾರೆ. ನೀರು ಎಲ್ಲಿಂದ ಹೊತ್ತು ತರಬೇಕಾಗಿದೆ ಎಂಬುದು ಅದನ್ನು ಹೊರುವವರಿಗೆ ಚೆನ್ನಾಗಿ ಗೊತ್ತಿರುತ್ತದೆ.

7. ಸ್ಥಾಯಿ ಸಮಿತಿಗಳ ಸದುಪಯೋಗ

ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ ಮತ್ತು ಸೌಕರ್ಯ ಸಮಿತಿ ಎಂಬ ಮೂರು ಸ್ಥಾಯಿ ಸಮಿತಿಗಳನ್ನು ಅಧಿನಿಯಮದಲ್ಲಿ ಹೇಳಲಾಗಿದೆ. ಇವು ಕಾಗದದ ಮೇಲಷ್ಟೇ ಉಳಿಯಬಾರದು. ಪೂರ್ಣ ಸಭೆಯಲ್ಲಿ ಎದುರುಬದುರಾಗಿ ವಾದಿಸುವವರು ಸಣ್ಣ ಸಮಿತಿಯಲ್ಲಿ ಒಟ್ಟಿಗೆ ಸ್ಥಳ ಪರಿಶೀಲನೆಗೆ ಹೋದಾಗ ಮಾತಿನ ಧಾಟಿಯೇ ಬದಲಾಗುತ್ತದೆ. ಆದುದರಿಂದ ಅಧ್ಯಕ್ಷರ ಆಯ್ಕೆಯಲ್ಲಿ ಬೇರೆ ಬೇರೆ ಗುಂಪಿನಲ್ಲಿದ್ದವರನ್ನು ಒಂದೇ ಸಮಿತಿಯಲ್ಲಿ ಸೇರಿಸುವುದು, ತಮ್ಮ ವಾರ್ಡಿನದಲ್ಲದ ಕಾಮಗಾರಿಯ ಪರಿಶೀಲನೆಯನ್ನು ಅವರಿಗೆ ವಹಿಸುವುದು ಒಳಿತು. ಅಂಗನವಾಡಿಯ ಚಾವಣಿ ಸೋರುವುದನ್ನು ಕಣ್ಣಾರೆ ಕಂಡ ಸದಸ್ಯರು ಅದಕ್ಕೆ ಅಂಕ ನೀಡುವಾಗ ವಾರ್ಡ್ ಯಾವುದೆಂದು ಕೇಳುವುದಿಲ್ಲ.

8. ಅರಣ್ಯ ಜಾಗದ ಕೆಲಸಗಳು

ಅರಣ್ಯ ಹಕ್ಕುಗಳ ಮಾನ್ಯತೆ ಅಧಿನಿಯಮ, 2006ರ ಕಲಂ 3(2)ರಂತೆ ರಸ್ತೆ, ಕುಡಿಯುವ ನೀರಿನ ಪೈಪ್‌ಲೈನ್, ಅಂಗನವಾಡಿ, ಶಾಲೆ, ವಿದ್ಯುತ್ ಮಾರ್ಗ ಸೇರಿದಂತೆ 13 ಬಗೆಯ ಸಾರ್ವಜನಿಕ ಸೌಕರ್ಯಗಳಿಗೆ ಅರಣ್ಯ ಜಾಗ ಪಡೆಯಲು ಅವಕಾಶವಿದೆ. ಪ್ರತಿ ಪ್ರಕರಣದಲ್ಲಿ ಜಾಗ 1 ಹೆಕ್ಟೇರ್‌ಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರಗಳು ಹೋಗಬಾರದು ಮತ್ತು ಗ್ರಾಮ ಸಭೆಯ ಶಿಫಾರಸು ಇರಲೇಬೇಕು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇತರ ಅನುಮತಿಗಳೂ ಬೇಕಾಗಬಹುದು.

ಇಲ್ಲಿ ಒಬ್ಬ ಸದಸ್ಯರ ಓಡಾಟದಿಂದ ಕೆಲಸ ಸಾಗುವುದಿಲ್ಲ. ಗ್ರಾಮ ಸಭೆಯಲ್ಲಿ ಜನ ಸೇರಬೇಕು, ಶಿಫಾರಸು ಸ್ಪಷ್ಟವಾಗಿರಬೇಕು, ಅರಣ್ಯ ಇಲಾಖೆಯ ಮುಂದೆ ಪಂಚಾಯತ್ ಒಂದೇ ಮಾತನ್ನಾಡಬೇಕು. ಸದಸ್ಯರು ಗುಂಪು ಗುಂಪಾಗಿ ಬೇರೆ ಬೇರೆ ಮನವಿ ಸಲ್ಲಿಸಿದರೆ ಕಡತ ಅಲ್ಲಿಯೇ ನಿಲ್ಲುತ್ತದೆ.

9. ಸದಸ್ಯರು ಮತ್ತು ಸಿಬ್ಬಂದಿ

ನಿರ್ಣಯ ಕೈಗೊಳ್ಳುವುದು ಸಭೆಯ ಕೆಲಸ. ನಿಯಮದಂತೆ ಜಾರಿಗೊಳಿಸುವುದು ಪಂಚಾಯತ್ ಅಭಿವೃದ್ಧಿ ಅಧಿಕಾರಿ ಹಾಗೂ ಸಿಬ್ಬಂದಿಯ ಕೆಲಸ. ನೀರು ಬಿಡುವವರಿಗೆ ಒಂಬತ್ತು ಸದಸ್ಯರು ಒಂಬತ್ತು ಬಗೆಯ ಮೌಖಿಕ ಸೂಚನೆ ನೀಡಿದರೆ ಕೊನೆಯ ಮನೆಗೆ ನೀರು ತಲುಪದು. ನೀರು ಬಿಡುವ ವೇಳಾಪಟ್ಟಿಯನ್ನು ಸಭೆಯಲ್ಲಿಯೇ ನಿಗದಿಪಡಿಸಿ ಫಲಕದಲ್ಲಿ ಪ್ರಕಟಿಸಬೇಕು. ಅಧಿಕಾರಿಯೂ ಸಹ ಸದಸ್ಯರು ಕೇಳಿದ ಜಮಾ-ಖರ್ಚಿನ ವಿವರವನ್ನು ಗುಂಪು ನೋಡದೆ ಎಲ್ಲರಿಗೂ ಸಮನಾಗಿ ನೀಡತಕ್ಕದ್ದು. ಮಾಹಿತಿ ಕೆಲವರಿಗೆ ಮಾತ್ರ ದೊರೆತಲ್ಲಿ ಸಂಶಯ ಹುಟ್ಟುತ್ತದೆ. ಸಂಶಯವಿದ್ದಲ್ಲಿ ಯಾರೂ ಬಿಟ್ಟುಕೊಡುವುದಿಲ್ಲ.

ಚರ್ಚೆಗಾಗಿ ಪ್ರಶ್ನೆಗಳು

ಮುಂದಿನ ಸಾಮಾನ್ಯ ಸಭೆಯ ಮೊದಲು ಸದಸ್ಯರು ಇಬ್ಬಿಬ್ಬರಾಗಿ, ಸಾಧ್ಯವಾದಷ್ಟೂ ಬೇರೆ ಬೇರೆ ವಾರ್ಡಿನವರು ಜೊತೆಯಾಗಿ, ಈ ಪ್ರಶ್ನೆಗಳನ್ನು ಚರ್ಚಿಸಿ ಉತ್ತರವನ್ನು ಬರೆದು ತರಬೇಕಾಗಿ ಕೋರಿದೆ.

1. ತಮ್ಮ ಪಂಚಾಯತ್ ವ್ಯಾಪ್ತಿಯಲ್ಲಿ ಮಳೆಗಾಲದಲ್ಲಿ ಸಂಪರ್ಕ ಕಡಿದುಕೊಳ್ಳುವ ಮಜರೆಗಳು ಯಾವುವು? ಅವುಗಳಲ್ಲಿ ತಾವು ಇದುವರೆಗೆ ನೋಡದಿರುವುದು ಯಾವುದು?
2. ಮೇಲಿನ ನಾಲ್ಕು ಪ್ರಶ್ನೆಗಳ ಅಳತೆಗೋಲಿನಲ್ಲಿ ತಮ್ಮದೇ ಬೇಡಿಕೆಗೆ ಎಷ್ಟು ಅಂಕ ಬರುತ್ತದೆ? ಜೊತೆಗಾರರ ಬೇಡಿಕೆಗೆ ಎಷ್ಟು?
3. ಈ ವರ್ಷ ತಮ್ಮ ಕೆಲಸವನ್ನು ಮುಂದಕ್ಕೆ ಹಾಕಲು ಒಪ್ಪಿದರೆ, ತಮ್ಮ ವಾರ್ಡಿನ ಜನರಿಗೆ ನೀಡುವ ಉತ್ತರವೇನು? ಆ ಉತ್ತರವನ್ನು ನೀಡಲು ಅಧ್ಯಕ್ಷರಿಂದ ತಮಗೆ ಯಾವ ನೆರವು ಬೇಕು?
4. ಕಳೆದ ಅವಧಿಯ ನಡವಳಿ ಪುಸ್ತಕದಲ್ಲಿ ಅಪೂರ್ಣವಾಗಿ ಉಳಿದ ಕಾಮಗಾರಿಗಳು ಎಷ್ಟು? ಅವುಗಳಲ್ಲಿ ಹಣ ಸಾಲದೆ ನಿಂತವು ಎಷ್ಟು, ಒಮ್ಮತವಿಲ್ಲದೆ ನಿಂತವು ಎಷ್ಟು?

ನಾಲ್ಕನೆಯ ಪ್ರಶ್ನೆಗೆ ಉತ್ತರ ಹುಡುಕಲು ಹಳೆಯ ನಡವಳಿ ಪುಸ್ತಕಗಳು ಪಂಚಾಯತ್ ಕಚೇರಿಯಲ್ಲಿ ಎಲ್ಲ ಸದಸ್ಯರ ಪರಿಶೀಲನೆಗೆ ಲಭ್ಯವಿರುತ್ತವೆ.